ಜಲಜನಕದ ಇಂಧನಕೋಶವೂ ಅದರ ಗಾಳಿಯೂ

ಒಲೆಯಲ್ಲಿಟ್ಟ ಸೌದೆ ಎಷ್ಟೇ ಒಣಗಿರಲಿ, ಗಾಳಿಯಾಡದಿದ್ದರೆ ಬೆಂಕಿ ಏಳದು. ಹೊಗೆ ಮಾತ್ರ ಏಳುತ್ತದೆ. ಅದಕ್ಕಾಗಿಯೇ ಅಡಿಗೆಮನೆಯಲ್ಲಿ ಊದುಕೊಳವೆ, ಕಮ್ಮಾರನ ಸಾಲೆಯಲ್ಲಿ ತಿದಿ. ಉರಿಯತಕ್ಕ ವಸ್ತುವಿಗೆ ನಾವು ಬೆಲೆ ತೆರುತ್ತೇವೆ, ತೂಗಿಸಿ ತರುತ್ತೇವೆ, ಮಳೆಗೆ ನೆನೆಯದಂತೆ ಜೋಪಾನ ಮಾಡುತ್ತೇವೆ. ಉರಿಸುವ ಗಾಳಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಟ್ಟಿ ಸಿಕ್ಕ ಪದಾರ್ಥಕ್ಕೆ ಲೆಕ್ಕ ಬರೆದಿಡುವ ಪದ್ಧತಿ ಲೋಕದಲ್ಲಿಲ್ಲ.

ಇತ್ತೀಚೆಗೆ ಎಲ್ಲೆಲ್ಲಿಯೂ ಕೇಳಿಬರುವ ಜಲಜನಕದ ಮಾತಿನಲ್ಲಿಯೂ ಇದೇ ಆಗಿದೆ. ೨೦೨೩ರ ಜನವರಿಯಲ್ಲಿ ಭಾರತ ಸರಕಾರವು ೧೯,೭೪೪ ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯಿತ್ತಿತು. ೨೦೩೦ರ ಹೊತ್ತಿಗೆ ವರ್ಷಕ್ಕೆ ೫೦ ಲಕ್ಷ ಟನ್ ಜಲಜನಕವನ್ನು ತಯಾರಿಸುವ ಸಾಮರ್ಥ್ಯ ದೇಶಕ್ಕೆ ಬರಬೇಕೆಂಬುದು ಅದರ ಗುರಿ. ಜಲಜನಕವನ್ನು ನೀರಿನಿಂದ ಬಿಡಿಸುವುದು ಹೇಗೆ, ಅದಕ್ಕೆ ಬೀಳುವ ವೆಚ್ಚವೆಷ್ಟು, ತುಂಬಿಡುವುದು ಹೇಗೆ ಎಂಬ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ನಡೆದಿದೆ. ಆದರೆ ಜಲಜನಕವನ್ನು ವಿದ್ಯುಚ್ಛಕ್ತಿಯನ್ನಾಗಿ ಮಾಡುವ ಯಂತ್ರಕ್ಕೆ ಒಂದು ಮೂಗೂ ಇದೆ, ಆ ಮೂಗಿಗೆ ಹೋಗುವ ಗಾಳಿಯ ಮೇಲೆ ಅದರ ಬಲಾಬಲವೆಲ್ಲ ನಿಂತಿದೆ ಎಂಬುದನ್ನು ಹೇಳುವವರು ವಿರಳ. ಆ ಅರ್ಧ ಭಾಗವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ವಿಜ್ಞಾನದ ವಿಷಯ ಕಲಾವಿಭಾಗದ ವಿದ್ಯಾರ್ಥಿಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಕೋಡಿಯ ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಪಂಚಗಂಗಾವಳಿಯ ಹೊಳೆ, ಎದುರು ದಡದಲ್ಲಿ ಗಂಗೊಳ್ಳಿ. ಇಲ್ಲಿ ಅನೇಕರ ಅನ್ನ ದೋಣಿಯಿಂದ ಬರುತ್ತದೆ. ಸೀಮೆಎಣ್ಣೆಯ, ಡೀಸೆಲಿನ ಬೆಲೆ ಏರಿದ ದಿನ ಮನೆಯ ಒಲೆಗೂ ಅದು ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೊಸ ಇಂಧನವೊಂದು ಬರುತ್ತದಂತೆ ಎಂದು ಪತ್ರಿಕೆಯಲ್ಲಿ ಓದಿ ಹೇಳಿದರೆ, ಹಿರಿಯರು ಕೇಳುವುದು ಒಂದೇ ಪ್ರಶ್ನೆ: “ಅದು ನಮ್ಮ ದೋಣಿಗೆ ಆದೀತೆ?” ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಜಲಜನಕಕ್ಕಿಂತ ಹೆಚ್ಚಾಗಿ ಗಾಳಿಯ ವಿಚಾರವನ್ನೇ ಓದಬೇಕಾಗುತ್ತದೆ.

ಮೊದಲು ಇಂಧನಕೋಶವೆಂದರೇನು ಎಂಬುದನ್ನು ನೋಡೋಣ. ನೀರಿನಲ್ಲಿ ವಿದ್ಯುತ್ತನ್ನು ಹರಿಸಿದರೆ ಅದು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆಂದು ನಾವು ಹೈಸ್ಕೂಲಿನಲ್ಲಿ ಓದಿದ್ದೇವೆ. ಇದನ್ನೇ ತಿರುಗುಮುರುಗಾಗಿ ಮಾಡಿ, ಆ ಎರಡು ಅನಿಲಗಳು ಕೂಡುವಾಗ ವಿದ್ಯುತ್ತನ್ನು ಪಡೆಯಬಹುದೆಂದು ೧೮೩೯ರಲ್ಲಿ ತೋರಿಸಿದವನು ವಿಲಿಯಂ ಗ್ರೋವ್ ಎಂಬಾತ. ಇಂದು ಮೋಟಾರು ವಾಹನಗಳಲ್ಲಿ ಬಳಸುವ ಕೋಶದ ನಡುವೆ ಒಂದು ತೆಳ್ಳನೆಯ ಪೊರೆಯಿದೆ. ಅದರ ಎರಡು ಮಗ್ಗುಲಿಗೂ ಪ್ಲಾಟಿನಂ ಲೋಹದ ಅತಿ ಸೂಕ್ಷ್ಮ ಕಣಗಳ ಲೇಪವಿದೆ. ಒಂದು ಕಡೆಗೆ ಜಲಜನಕವನ್ನೂ ಇನ್ನೊಂದು ಕಡೆಗೆ ಗಾಳಿಯನ್ನೂ ಬಿಡುತ್ತಾರೆ. ಜಲಜನಕದ ಪರಮಾಣು ಪ್ಲಾಟಿನಂ ತಾಕಿದೊಡನೆ ಎಲೆಕ್ಟ್ರಾನು ಮತ್ತು ಪ್ರೋಟಾನುಗಳಾಗಿ ಬೇರಾಗುತ್ತದೆ. ಪೊರೆಯು ಪ್ರೋಟಾನನ್ನು ಮಾತ್ರ ದಾಟಗೊಡುತ್ತದೆ. ಎಲೆಕ್ಟ್ರಾನು ಹೊರಗಿನ ತಂತಿಯ ಮೂಲಕ ಸುತ್ತುಹಾಕಿ ಬರಬೇಕು. ಹಾಗೆ ಬರುವಾಗ ಮೋಟರನ್ನು ತಿರುಗಿಸುತ್ತದೆ. ಕೊನೆಗೆ ಗಾಳಿಯ ಕಡೆಯಲ್ಲಿ ಪ್ರೋಟಾನು, ಎಲೆಕ್ಟ್ರಾನು, ಆಮ್ಲಜನಕ ಈ ಮೂರೂ ಸೇರಿ ನೀರಾಗುತ್ತವೆ. ಬೆಂಕಿಯಿಲ್ಲ, ಹೊಗೆಯಿಲ್ಲ.

ಲೆಕ್ಕದ ಪ್ರಕಾರ ಇಂತಹ ಒಂದು ಕೋಶ ೧.೨೩ ವೋಲ್ಟು ಕೊಡಬೇಕು. ಕೆಲಸಕ್ಕೆ ಹಚ್ಚಿದಾಗ ದೊರೆಯುವುದು ೦.೬ ಅಥವಾ ೦.೭ ವೋಲ್ಟು ಮಾತ್ರ. ಆದುದರಿಂದ ನೂರಾರು ಕೋಶಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸುತ್ತಾರೆ. ನಮ್ಮ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯವರು ೨೦೨೨ರ ಮಾರ್ಚಿನಲ್ಲಿ ‘ಮಿರಾಯ್’ ಎಂಬ ಜಲಜನಕದ ಕಾರನ್ನು ಭಾರತದ ರಸ್ತೆಗಳಲ್ಲಿ ಪರೀಕ್ಷಿಸಲು ತೊಡಗಿದರು. ಆ ಹೆಸರಿನ ಕಾರು ಮೊದಲಿಗೆ ೨೦೧೪ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಾಗ ಅದರಲ್ಲಿ ೩೭೦ ಕೋಶಗಳಿದ್ದವು. ಇರಲಿ, ೧.೨೩ ಇರಬೇಕಾದದ್ದು ೦.೭ಕ್ಕೆ ಇಳಿಯುವುದೇಕೆ? ಈ ನಷ್ಟದ ಹೆಚ್ಚಿನ ಪಾಲು ಗಾಳಿಯ ಕಡೆಯದು. ಜಲಜನಕ ಬಲು ಚುರುಕಿನದು, ಕ್ಷಣದಲ್ಲಿ ಒಡೆಯುತ್ತದೆ. ಆಮ್ಲಜನಕದ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಅವನ್ನು ಬಿಡಿಸಿ ನೀರಾಗಿಸುವ ಕೆಲಸ ನಿಧಾನ. ಬೆಲೆಬಾಳುವ ಪ್ಲಾಟಿನಂ ಕೂಡ ಗಾಳಿಯ ಮಗ್ಗುಲಿಗೇ ಹೆಚ್ಚಾಗಿ ಬೇಕಾಗುತ್ತದೆ.

ಮೊದಮೊದಲು ಹೆಸರು ಪಡೆದ ಇಂಧನಕೋಶಗಳು ಗಾಳಿಯ ಗೊಡವೆಗೇ ಹೋಗಲಿಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ೧೯೫೯ರಲ್ಲಿ ೫ ಕಿಲೋವ್ಯಾಟ್ ಸಾಮರ್ಥ್ಯದ ಕೋಶವನ್ನು ನಡೆಸಿ ತೋರಿಸಿದನು. ಅದೇ ತತ್ತ್ವದ ಕೋಶಗಳು ಮುಂದೆ ಅಪೋಲೋ ನೌಕೆಗಳಲ್ಲಿ ಚಂದ್ರನ ಕಡೆಗೆ ಪಯಣಿಸಿದವು. ಅವು ಹುಟ್ಟಿಸಿದ ನೀರನ್ನು ಗಗನಯಾತ್ರಿಗಳು ಕುಡಿದರು. ನಮ್ಮ ದೇಶದ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆಯು ೨೦೨೪ರ ಜನವರಿ ೧ರಂದು ಹಾರಿಸಿದ ಪಿಎಸ್‌ಎಲ್‌ವಿ ಸಿ-೫೮ ರಾಕೆಟ್ಟಿನ ಕೊನೆಯ ಹಂತದಲ್ಲಿ, ಕಕ್ಷೆಯಲ್ಲಿಯೇ, ಪೊರೆಯ ಇಂಧನಕೋಶವೊಂದನ್ನು ಪರೀಕ್ಷಿಸಿತು. ೧೦೦ ವ್ಯಾಟ್ ದರ್ಜೆಯ ಆ ಕೋಶವು ಅಲ್ಲಿ ೧೮೦ ವ್ಯಾಟ್ ಶಕ್ತಿಯನ್ನು ಕೊಟ್ಟಿತು. ಆಕಾಶದಲ್ಲಿ ಗಾಳಿಯಿಲ್ಲವಾದ್ದರಿಂದ ಜಲಜನಕವನ್ನೂ ಆಮ್ಲಜನಕವನ್ನೂ ಅಧಿಕ ಒತ್ತಡದ ಪಾತ್ರೆಗಳಲ್ಲಿ ತುಂಬಿ ಒಯ್ಯಲಾಗಿತ್ತು. ಶುದ್ಧ ಆಮ್ಲಜನಕವನ್ನು ಉಣ್ಣುವ ಕೋಶದ ಬದುಕು ಸುಲಭವಾದದ್ದು.

ಭೂಮಿಯ ಮೇಲೆ ಹೀಗೇಕೆ ಮಾಡಬಾರದು? ಒಂದು ಸಣ್ಣ ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ೫೦ ಕಿಲೋವ್ಯಾಟ್ ಕೊಡುವ ಕೋಶವನ್ನು ಒಂದು ಗಂಟೆ ನಡೆಸಲು ಸುಮಾರು ೩ ಕಿಲೋ ಜಲಜನಕ ಬೇಕು. ಒಂದು ಕಿಲೋ ಜಲಜನಕಕ್ಕೆ ೮ ಕಿಲೋ ಆಮ್ಲಜನಕದಂತೆ, ಗಂಟೆಗೆ ೨೪ ಕಿಲೋ ಆಮ್ಲಜನಕ ಬೇಕಾಯಿತು. ಆಸ್ಪತ್ರೆಗಳಲ್ಲಿ ಕಾಣುವ ದೊಡ್ಡ ಉಕ್ಕಿನ ಸಿಲಿಂಡರಿನಲ್ಲಿ ಇರುವುದು ಹತ್ತು ಕಿಲೋಗೂ ಸ್ವಲ್ಪ ಕಡಿಮೆ. ಹತ್ತು ಗಂಟೆ ಕಡಲಿನಲ್ಲಿರಬೇಕಾದ ದೋಣಿಯಲ್ಲಿ ಅಂತಹ ಇಪ್ಪತ್ತೈದು ಸಿಲಿಂಡರುಗಳನ್ನು ಹೇರಿದರೆ ಮೀನಿಗೆ ಜಾಗವೆಲ್ಲಿ? ಆದುದರಿಂದ ಗಾಳಿಯೇ ಗತಿ. ಆದರೆ ಗಾಳಿಯಲ್ಲಿ ಆಮ್ಲಜನಕ ಇರುವುದು ನೂರಕ್ಕೆ ೨೧ ಪಾಲು. ಉಳಿದದ್ದರಲ್ಲಿ ಬಹುಪಾಲು ಸಾರಜನಕ. ಅದು ಕೋಶಕ್ಕೆ ಯಾವ ಉಪಕಾರವನ್ನೂ ಮಾಡದೆ ಒಳಗೆ ಬಂದು ಹೊರಗೆ ಹೋಗುತ್ತದೆ. ಅಷ್ಟೇ ಅಲ್ಲ, ಆಮ್ಲಜನಕದ ದಾರಿಗೆ ಅಡ್ಡ ನಿಲ್ಲುತ್ತದೆ. ಆ ೨೪ ಕಿಲೋ ಆಮ್ಲಜನಕಕ್ಕಾಗಿ ಕಡಿಮೆಯೆಂದರೆ ೧೦೦ ಕಿಲೋ ಗಾಳಿಯನ್ನಾದರೂ ಕೋಶದೊಳಗೆ ನುಗ್ಗಿಸಬೇಕು.

ಅಷ್ಟು ಮಾತ್ರ ಕೊಟ್ಟರೂ ಸಾಲದು. ಗದ್ದೆಯ ತೋಡಿನ ನೀರನ್ನು ನೆನೆಸಿಕೊಳ್ಳೋಣ. ಮೇಲಿನ ಗದ್ದೆಯವರು ಹೀರಿದ ಬಳಿಕ ಉಳಿದದ್ದು ಕೆಳಗಿನವರಿಗೆ. ಲೆಕ್ಕಕ್ಕೆ ಸರಿಯಾಗಿ ಬಿಟ್ಟರೆ ಕೊನೆಯ ಗದ್ದೆ ಒಣಗುತ್ತದೆ. ಕೋಶದ ಕಾಲುವೆಗಳಲ್ಲಿಯೂ ಹೀಗೆಯೇ. ಗಾಳಿ ಒಳಹೊಕ್ಕ ತುದಿಯಲ್ಲಿ ಆಮ್ಲಜನಕ ಸಮೃದ್ಧಿಯಾಗಿರುತ್ತದೆ, ಹೊರಹೋಗುವ ತುದಿಯಲ್ಲಿ ಬಡವಾಗಿರುತ್ತದೆ. ಆದುದರಿಂದ ಸಾಮಾನ್ಯವಾಗಿ ಬೇಕಾದುದರ ಸುಮಾರು ಎರಡರಷ್ಟು ಗಾಳಿಯನ್ನು ಕೊಡುವುದು ವಾಡಿಕೆ. ಎರಡರಷ್ಟು ಕೊಟ್ಟರೂ, ನೀರಿನ ಆವಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ೨೧ ಪಾಲಿದ್ದ ಆಮ್ಲಜನಕ ಹೊರಬೀಳುವಾಗ ೧೨ ಪಾಲಿಗೆ ಇಳಿದಿರುತ್ತದೆ. ನಮ್ಮ ೫೦ ಕಿಲೋವ್ಯಾಟಿನ ಕೋಶಕ್ಕೆ ಹೀಗೆ ಗಂಟೆಗೆ ಸುಮಾರು ೨೦೦ ಕಿಲೋ, ಎಂದರೆ ೧೭೦ ಘನ ಮೀಟರಿಗಿಂತಲೂ ಹೆಚ್ಚು ಗಾಳಿ ಬೇಕಾಗುತ್ತದೆ. ಸಾಧಾರಣವಾದ ಒಂದು ತರಗತಿಯ ಕೋಣೆಯಲ್ಲಿರುವ ಗಾಳಿ ಅದಕ್ಕೆ ಒಂದು ಗಂಟೆಗೆ ಸಾಕಾದೀತು, ಇಲ್ಲವೆ ಸಾಲದೆಯೂ ಹೋದೀತು.

ಗಾಳಿಯನ್ನು ಮೂರರಷ್ಟು, ನಾಲ್ಕರಷ್ಟು ಕೊಟ್ಟುಬಿಟ್ಟರೆ ಆಗದೆ ಎಂದರೆ, ಅಲ್ಲಿ ಎರಡು ತೊಡಕುಗಳುಂಟು. ಮೊದಲನೆಯದು ವೆಚ್ಚ. ಅಂಗೈಯಗಲದ ಪುಟ್ಟ ಕೋಶಗಳಿಗೆ ಒಂದು ಫ್ಯಾನಿನ ಗಾಳಿ ಸಾಕು. ದೊಡ್ಡ ಕೋಶಗಳಿಗಾದರೋ ಗಾಳಿಯನ್ನು ಒತ್ತಿ ತಳ್ಳುವ ಕಂಪ್ರೆಸರ್ ಬೇಕು. ಅದು ತಿರುಗುವುದು ಕೋಶವೇ ಹುಟ್ಟಿಸಿದ ವಿದ್ಯುತ್ತಿನಿಂದ. ಹುಟ್ಟಿದ ಶಕ್ತಿಯ ಹತ್ತನೆಯ ಒಂದು ಪಾಲನ್ನು, ಕೆಲವು ಸಂದರ್ಭಗಳಲ್ಲಿ ಅದಕ್ಕೂ ಹೆಚ್ಚನ್ನು ಅದು ತಿಂದುಹಾಕುತ್ತದೆ. ಗಾಳಿಯ ಒತ್ತಡವನ್ನು ಇಮ್ಮಡಿ ಮಾಡಿದರೆ ಪ್ರತಿ ಕೋಶದಲ್ಲಿ ಏರುವುದು ವೋಲ್ಟಿನ ನೂರರಲ್ಲಿ ಕೆಲವು ಅಂಶಗಳು ಮಾತ್ರ. ಕಂಪ್ರೆಸರಿನ ಖರ್ಚು ಅದಕ್ಕಿಂತ ಬೇಗ ಏರುತ್ತದೆ. ಒಂದು ಮಟ್ಟದವರೆಗೆ ಗಾಳಿ ಹೆಚ್ಚಿದಂತೆ ಲಾಭವೂ ಹೆಚ್ಚುತ್ತದೆ. ಆ ಮಟ್ಟ ದಾಟಿದ ಬಳಿಕ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಬಿಟ್ಟಿ ಗಾಳಿಯ ಬೆಲೆ ಇಲ್ಲಿ ಹೊರಬೀಳುತ್ತದೆ. ಲಡಾಖಿನ ಲೇಹ್ ಪಟ್ಟಣದಲ್ಲಿ ಎನ್‌ಟಿಪಿಸಿ ಸಂಸ್ಥೆಯು ೨೦೨೪ರಲ್ಲಿ ಐದು ಜಲಜನಕದ ಬಸ್ಸುಗಳನ್ನು ಓಡಿಸಲು ಏರ್ಪಾಡು ಮಾಡಿತು. ಸಮುದ್ರಮಟ್ಟದಿಂದ ಸುಮಾರು ೩,೫೦೦ ಮೀಟರ್ ಎತ್ತರದ ಆ ಊರಿನಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯ ಒತ್ತಡದ ಮೂರರಲ್ಲಿ ಎರಡು ಪಾಲು ಮಾತ್ರ. ಇಲ್ಲಿ ಎರಡು ಬುಟ್ಟಿ ಗಾಳಿಯಲ್ಲಿ ಸಿಗುವಷ್ಟು ಆಮ್ಲಜನಕಕ್ಕೆ ಅಲ್ಲಿ ಮೂರು ಬುಟ್ಟಿ ಗಾಳಿ ಬೇಕು. ಈ ಒಂದು ವಿಷಯದಲ್ಲಿ ಕಡಲತೀರದವರಾದ ನಾವು ಭಾಗ್ಯವಂತರು.

ಎರಡನೆಯ ತೊಡಕು ನೀರಿನದು. ನಡುವಿನ ಪೊರೆ ಒದ್ದೆಯಾಗಿದ್ದರೆ ಮಾತ್ರ ಪ್ರೋಟಾನುಗಳನ್ನು ದಾಟಿಸುತ್ತದೆ. ಒಣಗಾಳಿಯನ್ನು ಬಿರುಸಾಗಿ ಬಿಟ್ಟರೆ ಹಗ್ಗದ ಮೇಲಿನ ಬಟ್ಟೆಯಂತೆ ಅದು ಒಣಗಿ, ಕೋಶದ ಶಕ್ತಿ ಕುಂದುತ್ತದೆ. ಗಾಳಿಯನ್ನು ಕಡಿಮೆ ಬಿಟ್ಟರೆ, ಹುಟ್ಟಿದ ನೀರು ಹೊರಗೆ ಹೋಗಲಾರದೆ ಕಾಲುವೆಗಳಲ್ಲಿ ಕಟ್ಟಿಕೊಂಡು, ಆಮ್ಲಜನಕಕ್ಕೆ ದಾರಿ ಮುಚ್ಚುತ್ತದೆ. ಅಂತೂ ಒಂದೇ ಗಾಳಿಯ ಕೈಯಲ್ಲಿ ಉಸಿರು ಕೊಡುವ ಕೆಲಸವೂ ಇದೆ, ನೀರು ಹೊರುವ ಕೆಲಸವೂ ಇದೆ. ನಮ್ಮ ಆಷಾಢದ ಗಾಳಿ ತೇವದಿಂದ ತುಂಬಿರುತ್ತದೆ, ಪೊರೆ ಒಣಗುವ ಭಯ ನಮಗೇಕೆ ಎಂದು ತೋರಬಹುದು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ೩೦ ಡಿಗ್ರಿಯ ಬಿಸಿಯಲ್ಲಿ ಪೂರ್ಣ ತೇವಗೊಂಡ ಗಾಳಿಯನ್ನು, ಒತ್ತಡ ಬದಲಿಸದೆ, ಕೋಶದೊಳಗಿನ ೭೦ ಡಿಗ್ರಿಗೆ ಕಾಯಿಸಿದರೆ ಅದರ ತೇವ ನೂರಕ್ಕೆ ಸುಮಾರು ೧೪ ಪಾಲಿಗೆ ಇಳಿಯುತ್ತದೆ. ನೀರು ಹೋಗಿರುವುದಿಲ್ಲ, ಬಿಸಿಗಾಳಿಯ ಬಾಯಾರಿಕೆ ಹೆಚ್ಚಿರುತ್ತದೆ. ಹೀಗಾಗಿ ಕೋಡಿಯ ಮಳೆಗಾಲದ ಗಾಳಿಯೂ ಕೋಶದ ಪಾಲಿಗೆ ಒಣಗಾಳಿಯೇ. ಹೊರಹೋಗುವ ಗಾಳಿಯ ನೀರನ್ನು ಹಿಡಿದು ಒಳಬರುವ ಗಾಳಿಗೆ ಮತ್ತೆ ಊಡಿಸುವ ಏರ್ಪಾಡನ್ನು ದೊಡ್ಡ ಕೋಶಗಳಲ್ಲಿ ಮಾಡಿರುತ್ತಾರೆ.

ಇಷ್ಟನ್ನು ತಿಳಿದ ಮೇಲೆ ದೋಣಿಯ ಪ್ರಶ್ನೆಗೆ ಬರೋಣ. ಹೊಳೆಯು ಕಡಲನ್ನು ಸೇರುವ ಅಳಿವೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆರೆಗಳು ಒಂದರ ಹಿಂದೊಂದು ಮುರಿಯುವಲ್ಲಿ ದೋಣಿ ಒಳಗೆ ಬರಬೇಕಾದರೆ, ಚುಕ್ಕಾಣಿ ಹಿಡಿದವನು ಸಮಯ ನೋಡುತ್ತ ನಿಂತಿದ್ದು, ಎಡೆ ಸಿಕ್ಕೊಡನೆ ಎಂಜಿನ್ನಿಗೆ ಪೂರ್ಣ ಬಲ ಕೊಡುತ್ತಾನೆ. ಆ ಕ್ಷಣದಲ್ಲಿ ಬಲ ಬರಲೇಬೇಕು. ತಡವಾದರೆ ದೋಣಿ ತೆರೆಗೆ ಅಡ್ಡವಾಗುತ್ತದೆ; ಅಡ್ಡವಾದ ದೋಣಿಯ ಗತಿ ಏನೆಂಬುದು ಕರಾವಳಿಯ ಮನೆಗಳಿಗೆ ಗೊತ್ತು.

ಇಂಧನಕೋಶದಿಂದ ಹೀಗೆ ಹಠಾತ್ತಾಗಿ ಬಲ ಕೇಳಿದರೆ ಏನಾಗುತ್ತದೆ? ವಿದ್ಯುತ್ತಿನ ಬೇಡಿಕೆ ಕಣ್ಣು ಮಿಟುಕಿಸುವುದರೊಳಗೆ ಏರುತ್ತದೆ. ಗಾಳಿ ಹಾಗೆ ಏರದು. ಕಂಪ್ರೆಸರ್ ವೇಗ ಪಡೆಯಬೇಕು, ಕೊಳವೆಗಳು ತುಂಬಬೇಕು, ಕಾಲುವೆಗಳಲ್ಲಿ ಒತ್ತಡ ಕಟ್ಟಬೇಕು. ಅದೂ ಅಲ್ಲದೆ ವೇಗ ಪಡೆಯಲು ಕಂಪ್ರೆಸರ್ ತಾನೇ ಅದೇ ಕೋಶದ ಶಕ್ತಿಯನ್ನು ಎಳೆಯುತ್ತದೆ. ಈ ನಡುವಣ ಅಲ್ಪಕಾಲದಲ್ಲಿ ಕೋಶವು ಉಸಿರುಕಟ್ಟಿದ ಓಟಗಾರನಂತಾಗುತ್ತದೆ. ಪೊರೆಯನ್ನು ದಾಟಿ ಬಂದ ಪ್ರೋಟಾನುಗಳಿಗೆ ಆಮ್ಲಜನಕ ಸಿಗದಿದ್ದರೆ ಅವು ಎಲೆಕ್ಟ್ರಾನುಗಳನ್ನು ಕೂಡಿಕೊಂಡು, ಗಾಳಿಯ ಕಡೆಯಲ್ಲಿಯೇ ಮತ್ತೆ ಜಲಜನಕವಾಗುತ್ತವೆ. ಸಾಲಿನಲ್ಲಿ ಗಾಳಿ ಕಡಿಮೆ ದೊರೆತ ಕೋಶವು ಶಕ್ತಿಯನ್ನು ಕೊಡುವುದರ ಬದಲು ನೆರೆಯ ಕೋಶಗಳ ಶಕ್ತಿಯನ್ನು ನುಂಗಿ ಬಿಸಿಯಾಗುತ್ತದೆ. ಪದೇ ಪದೇ ಹೀಗಾದರೆ ಪೊರೆಗೆ ಘಾಸಿಯಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಗಾಳಿ ಸಾಲದೆ ಹೋದರೆ ಕರಿಹೊಗೆ ಉಗುಳಿ ಎಚ್ಚರಿಸುತ್ತದೆ. ಇಂಧನಕೋಶಕ್ಕೆ ಹೊಗೆಯೆಂಬುದೇ ಇಲ್ಲವಾದ್ದರಿಂದ ಕಣ್ಣಿಗೆ ಏನೂ ಕಾಣಿಸದು. ಕೋಶಗಳ ವೋಲ್ಟನ್ನು ಕಾಯುವ ಉಪಕರಣವೇ ಎಚ್ಚರಿಕೆ ಕೊಡಬೇಕು. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಕೋಶದ ಜೊತೆಗೆ ಬ್ಯಾಟರಿಯನ್ನಿಟ್ಟು, ಹಠಾತ್ತಾದ ಬೇಡಿಕೆಯನ್ನು ಬ್ಯಾಟರಿ ಹೊರುವಂತೆಯೂ, ಗಾಳಿ ಬಂದಷ್ಟೇ ಕೋಶದ ಮೇಲೆ ಭಾರ ಏರುವಂತೆಯೂ ಏರ್ಪಡಿಸುತ್ತಾರೆ. ಹೀಗಾಗಿ ಜಲಜನಕದ ದೋಣಿಯನ್ನು ಅಳಿವೆ ದಾಟಿಸುವುದು ಮುಖ್ಯವಾಗಿ ಅದರ ಬ್ಯಾಟರಿ. ಆ ಬ್ಯಾಟರಿ ಎಷ್ಟು ದೊಡ್ಡದಿರಬೇಕೆಂಬುದನ್ನು ಶಾಂತವಾದ ಕೆರೆಯಲ್ಲಿ ಪರೀಕ್ಷಿಸಿ ನಿರ್ಣಯಿಸಲಾಗದು.

ಇನ್ನೊಂದು ವಿಷಯ ಉಪ್ಪು. ಕೋಡಿಯ ಕಿಟಕಿಯ ಸರಳುಗಳೂ ಸೈಕಲ್ಲಿನ ಕಂಬಿಗಳೂ ಬೇಗನೆ ತುಕ್ಕು ಹಿಡಿಯುವುದನ್ನು ನಾವು ದಿನವೂ ನೋಡುತ್ತೇವೆ. ತೆರೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ಉಪ್ಪನ್ನು ಹೊತ್ತು ತರುತ್ತವೆ. ಇದೇ ಗಾಳಿ ಕೋಶದೊಳಗೆ ಹೊಕ್ಕರೆ ಉಪ್ಪಿನ ಎರಡು ಅಂಶಗಳೂ ಎರಡು ಬಗೆಯ ಕೇಡು ಮಾಡುತ್ತವೆ. ಕ್ಲೋರೈಡು ಪ್ಲಾಟಿನಂ ಕಣಗಳಿಗೆ ಅಂಟಿ ಆಮ್ಲಜನಕದ ಜಾಗವನ್ನು ಹಿಡಿಯುತ್ತದೆ. ಸೋಡಿಯಮ್ಮು ಪೊರೆಯೊಳಗೆ ಸೇರಿ ಪ್ರೋಟಾನುಗಳ ಸ್ಥಾನವನ್ನು ಆಕ್ರಮಿಸುತ್ತದೆ. ಪಕ್ಕದ ದೋಣಿಯ ಡೀಸೆಲ್ ಹೊಗೆಯಲ್ಲಿರುವ ಗಂಧಕದ ಅನಿಲವೂ ಪ್ಲಾಟಿನಮ್ಮಿಗೆ ವಿಷವೇ. ಆದುದರಿಂದ ಗಾಳಿಯನ್ನು ಸೋಸಿ ಕೊಡಬೇಕು. ಹನಿಗಳನ್ನೂ ಧೂಳನ್ನೂ ತಡೆಯಲು ಒಂದು ಜರಡಿ, ಅನಿಲಗಳನ್ನು ಹೀರಲು ಇದ್ದಿಲಿನ ಪದರ, ಹೀಗೆ. ಜರಡಿ ದಟ್ಟವಾದಷ್ಟೂ ಗಾಳಿಯನ್ನು ಎಳೆಯಲು ಕಂಪ್ರೆಸರ್ ಹೆಚ್ಚು ದುಡಿಯಬೇಕು. ಉಪ್ಪು ಕಟ್ಟಿದ ಜರಡಿಯನ್ನು ಬದಲಾಯಿಸದೆ ಬಿಟ್ಟರೆ ಕೋಶ ಮತ್ತೆ ಉಸಿರುಕಟ್ಟುತ್ತದೆ. ಬಲೆ ಹರಿದರೆ ತಾನೇ ಹೆಣೆದುಕೊಳ್ಳುವ ಮೀನುಗಾರನಿಗೆ ಈ ಜರಡಿಯೂ ಕೈಗೆಟಕುವಂತಿರಬೇಕು.

ನಮ್ಮ ದೇಶದಲ್ಲಿಯೇ ತಯಾರಾದ ಜಲಜನಕದ ನೌಕೆಯೊಂದು ಈಗಾಗಲೇ ನೀರಿಗಿಳಿದಿದೆ. ಕೊಚ್ಚಿಯ ಹಡಗುಕಟ್ಟೆಯಲ್ಲಿ ಕಟ್ಟಿದ, ಐವತ್ತು ಜನ ಕುಳಿತುಕೊಳ್ಳಬಹುದಾದ ಆ ನೌಕೆಯನ್ನು ೨೦೨೪ರ ಫೆಬ್ರವರಿ ೨೮ರಂದು ಉದ್ಘಾಟಿಸಲಾಯಿತು. ಅದರ ಇಂಧನಕೋಶದ ಸಾಮರ್ಥ್ಯ ೫೦ ಕಿಲೋವ್ಯಾಟ್. ನಾವು ಮೇಲೆ ಲೆಕ್ಕಕ್ಕೆ ಹಿಡಿದದ್ದೂ ಅಷ್ಟನ್ನೇ. ೨೦೨೫ರ ಡಿಸೆಂಬರಿನಲ್ಲಿ ಅದು ವಾರಾಣಸಿಯ ಗಂಗೆಯಲ್ಲಿ ಜನರನ್ನು ಸಾಗಿಸಲು ತೊಡಗಿತು. ಇದು ಹೆಮ್ಮೆಪಡತಕ್ಕ ಸಂಗತಿ. ಆದರೆ ಗಂಗೆ ಸಿಹಿನೀರಿನ ನದಿ. ಅಲ್ಲಿ ಅಳಿವೆಯ ತೆರೆಯಿಲ್ಲ, ಉಪ್ಪಿನ ಗಾಳಿಯಿಲ್ಲ. ಘಟ್ಟದಿಂದ ಘಟ್ಟಕ್ಕೆ ಸಮವೇಗದಲ್ಲಿ ಸಾಗುವ ನೌಕೆಗೆ ಒಪ್ಪಿದ ಕೋಶವು ಬಲೆ ಎಳೆಯುವ ದೋಣಿಗೂ ಒಪ್ಪುತ್ತದೆಂದು ಹೇಳಬೇಕಾದರೆ ಬೇರೆಯೇ ಪರೀಕ್ಷೆ ಆಗಬೇಕು.

ಹಾಗಾದರೆ ಹಿರಿಯರ ಪ್ರಶ್ನೆಗೆ ಉತ್ತರವೇನು? ಆಗಬಹುದು, ಆದರೆ ಕೊಳ್ಳುವ ಮುನ್ನ ಜಲಜನಕದ ಬೆಲೆಯೊಂದನ್ನೇ ಕೇಳಿ ಸುಮ್ಮನಾಗಬಾರದು. ನಾಳೆ ಯಾರಾದರೂ ಜಲಜನಕದ ಎಂಜಿನ್ನನ್ನು ನಮ್ಮ ದಕ್ಕೆಗೆ ತಂದು ತೋರಿಸಿದರೆ ಇನ್ನೂ ನಾಲ್ಕು ಮಾತು ಕೇಳಬೇಕು. ಹುಟ್ಟಿದ ಶಕ್ತಿಯಲ್ಲಿ ಗಾಳಿ ಒತ್ತುವ ಯಂತ್ರ ತಿನ್ನುವ ಪಾಲೆಷ್ಟು? ಒಮ್ಮೆಲೇ ಪೂರ್ಣ ಬಲ ಕೇಳಿದರೆ ಎಷ್ಟು ಹೊತ್ತಿನಲ್ಲಿ ಕೊಡುತ್ತದೆ, ಅಷ್ಟರವರೆಗೆ ಬ್ಯಾಟರಿ ತಡೆಯುತ್ತದೆಯೆ? ಉಪ್ಪನ್ನು ಸೋಸುವ ಜರಡಿ ಎಷ್ಟು ದಿನ ಬಾಳುತ್ತದೆ, ಬದಲಿಸಲು ಏನು ಬೀಳುತ್ತದೆ? ಮೂರು ತಿಂಗಳು ಕಡಲಿನ ಮೇಲೆ ನಡೆಸಿ ನೋಡಿದ ವೋಲ್ಟಿನ ಲೆಕ್ಕ ಇದೆಯೆ? ಇವುಗಳನ್ನು ಕೇಳಲು ವಿಜ್ಞಾನದ ಪದವಿ ಬೇಕಾಗಿಲ್ಲ. ಕಡಲಿನ ಗಾಳಿಯ ಗುಣವನ್ನು ಹುಟ್ಟಿನಿಂದ ಬಲ್ಲವರೇ ಇವುಗಳನ್ನು ಕೇಳಲು ತಕ್ಕವರು. ಅಂಥವರಿಗೆ ಕೋಶದ ಒಳಗುಟ್ಟನ್ನು ಅವರ ಮಾತಿನಲ್ಲಿ ತಿಳಿಸುವ ಕೆಲಸ ಓದು ಕಲಿತ ನಮ್ಮ ಪಾಲಿನದು.

ಜಲಜನಕವನ್ನು ದೂರದ ಊರಿನಿಂದ ತರಿಸಬಹುದು. ಎಂಜಿನ್ನನ್ನು ಕೊಚ್ಚಿಯಲ್ಲಿಯೋ ಪುಣೆಯಲ್ಲಿಯೋ ಕಟ್ಟಿಸಬಹುದು. ಗಾಳಿಯನ್ನು ಮಾತ್ರ ಹಾಗೆ ತರಿಸಲಾಗುವುದಿಲ್ಲ. ಕೋಡಿಯ ದೋಣಿಯಲ್ಲಿ ಕೂರಿಸಿದ ಕೋಶವು ಕೋಡಿಯ ಗಾಳಿಯನ್ನೇ ಉಸಿರಾಡಬೇಕು.